ತಕರಾರಿಗೆ ಇಂಗ್ಲಿಷ್ ಪದ

ಇಲಿಯಾಸರ ಮನೆಯಲ್ಲಿ ಸಮಾಧಾನದ ಮಾತೆಲ್ಲ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ನಡೆಯುತ್ತಿತ್ತು. ಜಗಳ ಮಾತ್ರ ಕನ್ನಡದಲ್ಲಿ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಮೂವತ್ತು ವರ್ಷ ಲಾರಿ, ಟೆಂಪೊ, ಬಸ್ಸು ಓಡಿಸಿದ ಮನುಷ್ಯ ತನ್ನ ಜಗಳಗಳನ್ನೆಲ್ಲ ಗ್ಯಾರೇಜುಗಳಲ್ಲಿ, ಚೆಕ್‌ಪೋಸ್ಟುಗಳಲ್ಲಿ, ಡೀಸೆಲ್ ಬಂಕುಗಳಲ್ಲಿ ಕನ್ನಡದಲ್ಲೇ ಆಡಿದ್ದರಿಂದ ಸಿಟ್ಟು ಬಂದ ಕೂಡಲೇ ನಾಲಿಗೆ ತಾನಾಗಿ ಆ ಕಡೆಗೆ ಹೊರಳುತ್ತಿತ್ತು. ಆದ್ದರಿಂದ ನವೆಂಬರಿನ ಆ ಗುರುವಾರ ಸಂಜೆ ಅಬ್ಬಾ ಚಪ್ಪಲಿ ಬಿಡುತ್ತಲೇ "ನೀರು ಕೊಡೇ" ಎಂದು ಕನ್ನಡದಲ್ಲಿ ಕೇಳಿದಾಗ, ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದ ಅಮ್ಮಿ ಒಲೆಯ ಉರಿ ಸಣ್ಣ ಮಾಡಿ ಬಾಗಿಲಿಗೆ ಬಂದು ನಿಂತಳು.

ಅಬ್ಬಾ ಕೈಯಲ್ಲಿದ್ದ ಉದ್ದ ಲಕೋಟೆಯನ್ನು ಮಗಳ ಮುಂದೆ ಎಸೆದರು.

"ಓದು. ಏನು ಬರ್ದಿದಾರೆ ಹೇಳು."

ಇರಂ ಲಕೋಟೆಯ ಅಂಚನ್ನು ಹರಿಯದೆ, ಸ್ಕೇಲು ಇಟ್ಟು ಬಿಡಿಸಿದಳು. ಅವಳದು ಎಲ್ಲದರಲ್ಲೂ ಅದೇ ಪದ್ಧತಿ. ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದವಳು. ಶಿವಮೊಗ್ಗದಲ್ಲಿ ಆಲ್ಕೊಳ ಸರ್ಕಲ್ ದಾಟಿದ ಮೇಲೆ ಸಿಗುವ ಇಂಗ್ಲಿಷ್ ಶಾಲೆಯೊಂದರಲ್ಲಿ ಜೂನ್‌ನಿಂದ ವಿಜ್ಞಾನದ ಟೀಚರ್, ಇನ್ನೂ ಪ್ರೊಬೇಷನ್. ಅಬ್ಬಾ ಅದೇ ಶಾಲೆಯ ಬಸ್ ಡ್ರೈವರ್. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಭದ್ರಾವತಿಯ ಜನ್ನಾಪುರದಲ್ಲಿ ಮಕ್ಕಳನ್ನು ಹತ್ತಿಸಿಕೊಂಡು ಬಸ್ಸು ಹೊರಟರೆ, ಮುಂದಿನ ಸೀಟಿನಲ್ಲಿ ಕಾಪಿ ಪುಸ್ತಕಗಳ ಚೀಲ ಮಡಿಲಲ್ಲಿಟ್ಟುಕೊಂಡು ಅವಳೂ ಹೋಗುತ್ತಿದ್ದಳು.

ಅದೊಂದು ಮೆಮೊ. ಪೂರಾ ಇಂಗ್ಲಿಷ್. ಅವಳು ಓದಿ ಹೇಳಿದಳು: ಮಂಗಳವಾರ ಬೆಳಿಗ್ಗೆ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಪರಮೇಶ್ ಅವರೊಂದಿಗೆ, ಮಕ್ಕಳು ಮತ್ತು ಪೋಷಕರ ಎದುರಿಗೆ, ನೀವು 'ಆಲ್ಟರ್ಕೇಶನ್' ನಡೆಸಿದ್ದೀರಿ. ಬಸ್ಸಿನ ಕೀ ಜೇಬಿಗೆ ಹಾಕಿಕೊಂಡು ಹೊರಟುಹೋಗಿದ್ದೀರಿ. ಇದರಿಂದ ಏಳನೇ ತರಗತಿಯ ಗಾಜನೂರು ಡ್ಯಾಮ್ ಪ್ರವಾಸ ರದ್ದಾಗಿದೆ. ಏಳು ದಿನಗಳೊಳಗೆ ಇಂಗ್ಲಿಷಿನಲ್ಲಿ ಲಿಖಿತ ಉತ್ತರ ಕೊಡಬೇಕು. ಅಲ್ಲಿಯವರೆಗೆ ಕೆಲಸಕ್ಕೆ ಬರತಕ್ಕದ್ದಲ್ಲ.

"ಬ್ರೇಕ್ ಬಗ್ಗೆ?" ಅಬ್ಬಾ ಕೇಳಿದರು.

"ಬ್ರೇಕ್ ಬಗ್ಗೆ ಏನೂ ಇಲ್ಲ."

"ಒಂದು ಪದಾನೂ ಇಲ್ವಾ?"

"ಇಲ್ಲ ಅಬ್ಬಾ. ನೀವು ಸರಿಯಾಗಿ ಹೇಳಿ. ಮೊದ್ಲು ಏನಾಯ್ತು, ಆಮೇಲೆ ಏನಾಯ್ತು, ಒಂದೊಂದಾಗಿ."

"ಆಲ್ಕೊಳ ಸರ್ಕಲ್‌ನಲ್ಲಿ ನೀನೇ ಇದ್ಯಲ್ಲ! ಮುಂಚೆ ಎರಡು ಸಲ ತುಳಿದ್ರೆ ಹಿಡೀತಿತ್ತು. ಅವತ್ತು ಮೂರನೇದಕ್ಕೆ ಹಿಡೀತು. ಎದುರಿಗೆ ಆಟೋ ಇತ್ತು. ಶೆಡ್ಡಿಗೆ ಹೋಗಿ ಪರಮೇಶಂಗೆ ಹೇಳ್ದೆ, ಈ ಗಾಡಿ ಇವತ್ತು ಎಲ್ಲಿಗೂ ಹೋಗಲ್ಲ ಅಂತ. ಗಾಜನೂರು ಏನು ಮಹಾ ದೂರ, ಹೋಗ್ಬಾ ಮಾರಾಯ ಅಂದ. ಅಲ್ಲಿ ನೀರಿನ ಪಕ್ಕ ಗಾಡಿ ತಿರುಗಿಸ್ಬೇಕು ಕಣಯ್ಯ ಅಂದೆ. ಓಡಿಸಕ್ಕೆ ಬರದಿದ್ರೆ ಮನೇಲಿ ಮಲ್ಕೊ ಅಂದ."

"ಆಮೇಲೆ?"

"ಆಮೇಲೆ ನಾನೂ ಅಂದೆ."

"ಏನಂದ್ರಿ?"

"ಅದನ್ನೆಲ್ಲ ಮಗಳ ಮುಂದೆ ಹೇಳಕ್ಕಾಗಲ್ಲ."

"ಕೈ ಮಾಡಿದ್ರಾ?"

"ಕೈ ಎಲ್ಲಿ ಮಾಡ್ದೆ? ಅಂಗಿ ಹಿಡ್ಕೊಂಡೆ ಅಷ್ಟೆ. ಗುಂಡಿ ತಾನಾಗೇ ಕಿತ್ಕೊಂಡು ಬಿತ್ತು."

"ಗುಂಡಿ ತಾನಾಗೇ ಕಿತ್ಕೊಂಡು ಬೀಳಲ್ಲ ಅಬ್ಬಾ."

"ಹಳೇ ಅಂಗಿ," ಎಂದರು ಅಬ್ಬಾ.

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ದಾದಿ ಶಮ್ಸುನ್ನೀಸಾ ಕಿಸಕ್ಕನೆ ನಕ್ಕಳು. ಎಪ್ಪತ್ತೆಂಟರ ಅಜ್ಜಿ, ಮಗನ ಜಗಳಗಳೆಂದರೆ ಅವಳಿಗೆ ಇವತ್ತಿಗೂ ಒಂದು ಬಗೆಯ ಹೆಮ್ಮೆ. ಅಮ್ಮಿ ನಗಲಿಲ್ಲ. "ನಕ್ಕೊಂಡು ಕೂತ್ಕೊಳ್ಳಿ ಎಲ್ರೂ. ಸಿಲಿಂಡರ್ ಇವತ್ತೋ ನಾಳೆಯೋ ಅಂತಿದೆ," ಎಂದು ಒಳಗೆ ಹೋದಳು.

ಬಸ್ಸು ಶಾಲೆಯ ಶೆಡ್ಡಿನಲ್ಲಿ ನಿಂತಿತು. ಮಕ್ಕಳಿಗೆ ಬಾಡಿಗೆ ಟೆಂಪೊ ಬಂತು. ಶುಕ್ರವಾರ ಎದುರು ಸಾಲಿನ ಕಾಶಮ್ಮ ಗೇಟಿನ ಹತ್ತಿರವೇ ನಿಂತು ದಬಾಯಿಸಿ ಹೋದಳು. ಅವಳ ಮೊಮ್ಮಗಳು ಸಿರಿ ಏಳನೇ ಕ್ಲಾಸು.

"ಅಲ್ಲ ಇಲಿಯಾಸಣ್ಣ, ನಾಲ್ಕು ಗಂಟೆಗೆ ಎದ್ದು ಚಿತ್ರಾನ್ನ ಕಲಸಿ ಕಟ್ಟಿದ್ದೆ. ಹುಡುಗಿ ಅತ್ಕೊಂಡು ವಾಪಸ್ ಬಂತು. ನಿಮ್ಮಿಬ್ಬರ ಜಗಳಕ್ಕೆ ಮಕ್ಕಳೇನು ಮಾಡಿದ್ವು?"

"ಜಗಳ ಅಲ್ಲ ಕಾಶಮ್ಮ, ಬ್ರೇಕು..."

"ಏನೋ ಒಂದು. ಬಾಯಿ ಬಾಯಿ ಬಡ್ಕೊಂಡ್ರಂತಲ್ಲ."

ಅಬ್ಬಾ ಒಳಗೆ ಬಂದವರೇ ಅಮ್ಮಿಯ ಮಿಕ್ಸಿ ಬಿಚ್ಚಿ ಕೂತರು. ಅದು ಕೆಟ್ಟಿರಲಿಲ್ಲ.

ಇರಂ ತನ್ನ ಹಳೆಯ ಲ್ಯಾಬ್ ರೆಕಾರ್ಡಿನ ಕೊನೇ ಪುಟ ತೆಗೆದಳು. ಏಳು ದಿನ, ಒಂದು ಕಾಗದ, ಅದರಲ್ಲಿ ಒಂದು ಪದ. ಮೆಮೊ 'ಆಲ್ಟರ್ಕೇಶನ್' ಎಂದಿತ್ತು. ಉತ್ತರದಲ್ಲಿ ಅದನ್ನೇ ಒಪ್ಪಿಕೊಂಡರೆ ಕೆಲಸ ಹೋದಂತೆ. ನಡೆದೇ ಇಲ್ಲ ಎಂದರೆ ಸುಳ್ಳು, ಗುಂಡಿ ಸಾಕ್ಷಿ. ನಡುವೆ ಸರಿಯಾದದ್ದು ಯಾವುದು? ಅವಳು ಪದಗಳನ್ನು ಒಂದರ ಕೆಳಗೊಂದು ಬರೆದು ಎದುರಿಗೆ ಅರ್ಥ ಬರೆಯುತ್ತ ಹೋದಳು. ರಾತ್ರಿಯ ಊಟಕ್ಕೆ ಬದನೆಕಾಯಿ ಸಾಲನ್, ಅನ್ನ. ಅಬ್ಬಾ ತಟ್ಟೆ ಮುಂದಿಟ್ಟುಕೊಂಡು, "ಏನೇನು ಸಿಕ್ತು?" ಎಂದರು.

"ಕ್ವಾರೆಲ್," ಎಂದಳು ಇರಂ.

"ಹಾಗಂದ್ರೆ?" ದಾದಿ ಕೇಳಿದಳು.

"ನಲ್ಲಿ ಹತ್ರ ಕೊಡ ಮುಂದಿಡೋಕೆ ಆಗುತ್ತಲ್ಲ, ಅದು."

"ಸಣ್ಣದಾಯ್ತು," ಎಂದರು ಅಬ್ಬಾ. "ಮುಂದಿಂದು."

"ಡಿಸ್ಪ್ಯೂಟ್. ಇದು ಎಳೆಯೋ ಜಗಳ. ಚಿಕ್ಕಪ್ಪನ ಸೈಟಿನ ಗೋಡೆದು ಇದೆಯಲ್ಲ, ಆ ಥರ."

"ಹನ್ನೊಂದು ವರ್ಷ ಆಯ್ತು ಅದಕ್ಕೆ. ಅಷ್ಟು ಹೊತ್ತು ನಿಲ್ಲಕ್ಕೆ ಬ್ರೇಕ್ ಇಲ್ಲ ಗಾಡೀಲಿ."

"ಡಿಬೇಟ್ ಅಂತ ಒಂದಿದೆ. ಸ್ಟೇಜ್ ಮೇಲೆ ನಿಂತು ಸರದಿ ಪ್ರಕಾರ ಮಾತಾಡೋದು. ಗೆದ್ದವರಿಗೆ ಕಪ್ ಕೊಡ್ತಾರೆ."

"ಪರಮೇಶಂಗೆ ಕೊಡಬೇಕಿತ್ತು," ಎಂದಳು ದಾದಿ.

"ಟಿಫ್. ಗಂಡ ಹೆಂಡತಿ ಉಪ್ಪು ಜಾಸ್ತಿ, ಉಪ್ಪು ಕಮ್ಮಿ ಅಂತ ಆಡೋದು."

"ಉಪ್ಪು ಸರಿ ಇದೆ," ಎಂದಳು ಅಮ್ಮಿ, ಯಾರೂ ಏನೂ ಅನ್ನದಿದ್ದರೂ.

"ಆರ್ಗ್ಯುಮೆಂಟ್. ಇದರದ್ದೇ ಕಷ್ಟ. ಕಾರಣ ಕೊಟ್ಟು ಮಾತಾಡಿದ್ರೂ ಅದೇ ಪದ, ಕಿರುಚಾಡಿದ್ರೂ ಅದೇ ಪದ. ಓದೋರು ಅವರಿಗೆ ಬೇಕಾದ್ದು ತಗೊಳ್ತಾರೆ. ಇನ್ನು ಅವರು ಹಾಕಿರೋ ಆಲ್ಟರ್ಕೇಶನ್. ಅದು ಪೊಲೀಸ್ ಸ್ಟೇಷನ್ನಿನ ಕಾಗದದ್ದು. ನಾಲ್ಕು ಜನರ ಮುಂದೆ ಜೋರು ಮಾತು, ತಳ್ಳಾಟದವರೆಗೂ ಹೋಗಬಹುದು."

ದಾದಿ ಬೆರಳು ನೆಕ್ಕಿ, ತಟ್ಟೆ ಪಕ್ಕಕ್ಕೆ ಸರಿಸಿದಳು. "ಎಲ್ಲದ್ರಲ್ಲೂ ಇಬ್ಬರ ಬಾಯಿ ಇದೆ. ಬ್ರೇಕು ಯಾವುದರಲ್ಲಿ ಇದೆಯೇ?"

ಇರಂ ಪಟ್ಟಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದಳು. ಯಾವುದರಲ್ಲೂ ಇರಲಿಲ್ಲ.

"ತಕರಾರು ಅಂತ ಬರಿ," ಅಬ್ಬಾ ಹೇಳಿದರು. "ತಾಲ್ಲೂಕಾಫೀಸಿನ ಗೋಡೆ ಮೇಲೆ ಅಂಟಿಸ್ತಾರಲ್ಲ, ಯಾರದಾದ್ರೂ ತಕರಾರು ಇದ್ರೆ ಮೂವತ್ತು ದಿನದೊಳಗೆ ತಿಳಿಸಿ ಅಂತ? ಆ ತಕರಾರು. ಗಾಡಿ ಹೋಗಕೂಡದು ಅಂತ ನಂದು ತಕರಾರು ಇತ್ತು. ಅದನ್ನ ಹೇಳಿದೀನಿ. ಜೋರಾಗಿ ಹೇಳಿದೀನಿ. ಅದಕ್ಕೆ ಏನಂತಾರೋ ಅದನ್ನ ಹಾಕು."

ಅವಳು 'ಆಬ್ಜೆಕ್ಷನ್' ಎಂದು ಬರೆದಳು. ನೋಡಿದಳು. ವಕೀಲರ ನೋಟಿಸಿನ ಹಾಗೆ ಕಾಣಿಸಿತು. ಅಡ್ಡಗೆರೆ ಎಳೆದಳು.

ಶಾಲೆಯ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಟೀಚರ್ ಸುಮನಾ ಅವಳ ಪಟ್ಟಿಯನ್ನು ಓದಿ ತಲೆ ಅಲ್ಲಾಡಿಸಿದಳು.

"ಇದೇನು ಮಾರಾಯ್ತಿ, ಪರೀಕ್ಷೆ ಪೇಪರ್ ಇದ್ದ ಹಾಗಿದೆ. 'ಮಿಸ್‌ಅಂಡರ್‌ಸ್ಟ್ಯಾಂಡಿಂಗ್' ಅಂತ ಹಾಕು, ಮುಗೀತು. ಅದರಲ್ಲಿ ಯಾರ ತಪ್ಪೂ ಇರಲ್ಲ. ಎಲ್ಲರೂ ಕೈ ತೊಳ್ಕೋಬಹುದು."

"ಆದ್ರೆ ಅದು ನಡೆದಿದ್ದಲ್ಲ."

"ನಡೆದಿದ್ದು ಯಾರಿಗೆ ಬೇಕು? ಒಂದು ರಿಗ್ರೆಟ್ ಸೇರಿಸು. ಇದು ಪ್ರಿನ್ಸಿಪಾಲ್ ಮೇಡಂ ಬಾಯಿಂದಲೇ ಬಂದ ಮಾತು ಅಂತ ತಿಳ್ಕೊ." ಸುಮನಾ ದನಿ ಇಳಿಸಿದಳು. "ನಿಂದೂ ಮಾರ್ಚ್‌ಗೆ ಪ್ರೊಬೇಷನ್ ಮುಗಿಯುತ್ತೆ. ನೆನಪಿದೆ ತಾನೆ?"

ಮನೆಯಲ್ಲಿ ಅಬ್ಬಾ ಅಷ್ಟರಲ್ಲಿ ಮಿಕ್ಸಿಯನ್ನು ಜೋಡಿಸಿದ್ದರು. ಎರಡು ಸ್ಕ್ರೂ ಉಳಿದಿದ್ದವು. ಅದು ತಿರುಗುತ್ತಿರಲಿಲ್ಲ. ಅಮ್ಮಿ ಚಟ್ನಿಯನ್ನು ಕಲ್ಲಿನಲ್ಲಿ ಅರೆಯುತ್ತ, ಇರಂಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಐವತ್ತೈದು ವಯಸ್ಸು. ಯಾರು ಕೊಡ್ತಾರೆ ಇನ್ನೊಂದು ಸ್ಟೀರಿಂಗು? ಏನಾದ್ರೂ ಬರೆದು ಮುಗಿಸು ಬೇಟಿ. ಅವರಿಗೇನು ಓದಕ್ಕೆ ಬರುತ್ತಾ?"

ಆರನೆಯ ದಿನ ಕಾಗದ ಸಿದ್ಧವಾಯಿತು. ಮಂಗಳವಾರ ನಡೆದದ್ದು ದುರದೃಷ್ಟಕರ ಮಿಸ್‌ಅಂಡರ್‌ಸ್ಟ್ಯಾಂಡಿಂಗ್, ಅದಕ್ಕೆ ವಿಷಾದಿಸುತ್ತೇನೆ, ಕೆಲಸಕ್ಕೆ ಮರಳಲು ಅವಕಾಶ ಕೊಡಬೇಕು. ಅಬ್ಬಾ ಕನ್ನಡಕ ಹಾಕಿಕೊಂಡು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಏನು ಹಾಕಿದೀಯ?"

"ತಕರಾರು ಅಂತ."

"ಎಲ್ಲಿ?"

ಅವಳು ಆ ಉದ್ದದ ಪದದ ಮೇಲೆ ಬೆರಳಿಟ್ಟು ತೋರಿಸಿದಳು.

"ಅಷ್ಟುದ್ದ ಇದೆಯಾ ಇಂಗ್ಲಿಷ್‌ನಲ್ಲಿ!" ಎಂದರು ಅಬ್ಬಾ ದಖ್ಖನಿಯಲ್ಲಿ, ಸಂತೋಷವಾಗಿ. ಕೆಳಗೆ ಕನ್ನಡದಲ್ಲಿ ಇಲಿಯಾಸ್ ಎಂದು ದುಂಡಗೆ ಸಹಿ ಹಾಕಿದರು.

ಸೋಮವಾರದಿಂದ ಬರಬಹುದು ಎಂದು ಫೋನ್ ಬಂತು. ಭಾನುವಾರ ಮಧ್ಯಾಹ್ನ ಅಮ್ಮಿ ಮೊಟ್ಟೆ ಸಾರು ಮಾಡಿದಳು, ಅಬ್ಬಾ ಯೂನಿಫಾರಂ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ಸೋಮವಾರ ಇಬ್ಬರೂ ಟೆಂಪೊದಲ್ಲಿ ಹೋದರು. ಇರಂ ಪ್ರಾರ್ಥನೆಯ ಸಾಲಿಗೆ, ಅಬ್ಬಾ ಶೆಡ್ಡಿಗೆ.

ಸಂಜೆ ಅವಳು ಮನೆಗೆ ಬಂದಾಗ ಅಬ್ಬಾ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಇಸ್ತ್ರಿಯ ಮಡಿಕೆ ಇನ್ನೂ ಹಾಗೇ ಇತ್ತು. ಆ ಅಂಗಿ ಸ್ಟೀರಿಂಗಿನ ಹಿಂದೆ ಕೂತೇ ಇರಲಿಲ್ಲ.

"ರೂಹಿ," ಎಂದು ಹೆಂಡತಿಯನ್ನು ಕರೆದರು. ಕನ್ನಡದಲ್ಲಿ. "ನಿನ್ನ ಮಗಳನ್ನ ಕೇಳು. ತಪ್ಪು ತಿಳುವಳಿಕೆ ಅಂತೆ. ಯಾರದು? ನಂದಾ, ಬ್ರೇಕಿಂದಾ?"

ಇರಂ ಚೀಲ ಕೆಳಗಿಡಲಿಲ್ಲ.

"ಗಾಡಿ ರಿಪೇರಿ ಆಯ್ತಾ ಅಂತ ಕೇಳ್ದೆ ಪರಮೇಶನ್ನ. ಶೆಡ್ಡಲ್ಲಿ ಇದ್ದೋರ ಮುಂದೆಲ್ಲ ನಕ್ಕ. ರಿಪೇರಿ ಯಾಕೆ ಸಾಬ್ರೇ, ನೀವೇ ಬರ್ಕೊಟ್ಟಿದೀರಲ್ಲ, ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿ ಅಂತ. ಓದಿ ತೋರಿಸ್ದ. ಕನ್ನಡ ಮಾಡಿ ಹೇಳ್ದ. ಇವಳು ಮಾಡ್ದೇ ಇದ್ದ ಕೆಲಸ ಅವನು ಮಾಡ್ದ."

"ಕೆಲಸ ಉಳೀಲಿ ಅಂತ ಅಬ್ಬಾ..."

"ನಾನು ಕೇಳ್ದಾಗ ಏನಂದೆ? ಹೇಳು, ದಾದಿ ಮುಂದೆ ಹೇಳು."

"ತಕರಾರು ಅಂದೆ."

"ಬೆರಳಿಟ್ಟು ತೋರಿಸ್ದೆ. ಓದಕ್ಕೆ ಬರದೋನು ಅಂತ ತಾನೆ? ಪರಮೇಶ ಬೈದಿದ್ದು ನನ್ನ ಮುಖಕ್ಕೆ. ನೀನು ನನ್ನ ಬೆನ್ನಿಗೆ ಬರ್ದೆ."

"ಅವಳನ್ನ ಯಾಕೆ ಅಂತೀರಿ, ನಾನೇ ಹೇಳಿದ್ದು," ಎಂದು ಅಮ್ಮಿ ನಡುವೆ ಬಂದಳು.

"ಹೌದಾ? ಹಾಗಿದ್ರೆ ಮನೆ ಪೂರಾ ಸೇರಿ ಬರ್ದಿದೀರಿ. ಅಮ್ಮಾ, ನೀನೂ ಇದ್ಯಾ ಇದ್ರಲ್ಲಿ?"

"ನನಗೆ ಯಾರೂ ಹೇಳಲಿಲ್ಲಪ್ಪ," ಎಂದಳು ದಾದಿ. "ಹೇಳಿದ್ರೆ ನಾನು ನಿನಗೆ ಹೇಳಿಬಿಡ್ತೀನಿ ಅಂತ ಗೊತ್ತು ಇವರಿಗೆ."

ಅಷ್ಟು ಹೊತ್ತು ತಲೆ ತಗ್ಗಿಸಿದ್ದ ಇರಂಗೆ ಈಗ ಸಿಟ್ಟು ನೆತ್ತಿಗೇರಿತು. ಅವಳೂ ಕನ್ನಡಕ್ಕೇ ತಿರುಗಿದಳು.

"ಸರಿ, ನಂದು ತಪ್ಪು. ನೀವು? ಐದು ತಿಂಗಳಿಂದ ಬಾಯಲ್ಲಿ ಹೇಳಿದ್ರಿ, ಬಾಯಲ್ಲಿ ಹೇಳಿದ್ರಿ. ಗಾಳಿಗೆ ಹೋಯ್ತು. ಬಸ್ಸಿನ ಲಾಗ್ ಬುಕ್ಕಲ್ಲಿ ಒಂದೇ ಒಂದು ಸಲ ಬರೆದಿದ್ರೆ ಇವತ್ತು ಈ ಕಾಗದಾನೇ ಬೇಕಾಗ್ತಿರಲಿಲ್ಲ!"

ಅಬ್ಬಾ ಎದ್ದು ನಿಂತರು. ದನಿ ಏರಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

"ಬರ್ದಿದೀನಿ. ದಿನಾ ಬರ್ದಿದೀನಿ. ನೀನು ಹೇಳಿಕೊಟ್ಟಿದ್ದೇ ಬರ್ದಿದೀನಿ."

ಇರಂಗೆ ಆಗ ನೆನಪಾಯಿತು.

ಜೂನ್ ತಿಂಗಳು. ಇನ್ನು ಮುಂದೆ ಎಲ್ಲ ದಾಖಲೆಗಳೂ ಇಂಗ್ಲಿಷಿನಲ್ಲೇ ಇರಬೇಕೆಂದು ಶಾಲೆಯ ಹೊಸ ಆಡಳಿತ ಹೇಳಿತ್ತು. ಅಬ್ಬಾ ಲಾಗ್ ಬುಕ್ ಮನೆಗೆ ತಂದಿದ್ದರು. ತಾರೀಖು, ಕಿಲೋಮೀಟರ್, ಡೀಸೆಲ್. ಅಂಕಿಗಳು ಅವರಿಗೆ ಬರುತ್ತಿದ್ದವು. ಕೊನೆಯ ಕಾಲಂ ತೋರಿಸಿ, "ಇದು? ಇಲ್ಲಿ ನಾನು ಕನ್ನಡದಲ್ಲಿ ಗಾಡಿ ಹೇಗಿದೆ ಅಂತ ಬರೀತಿದ್ದೆ, ಬ್ರೇಕ್ ಸಡಿಲ ಅಂತೆಲ್ಲ," ಎಂದಿದ್ದರು. ಅವಳಿಗೆ ಮರುದಿನದ ಪಾಠದ ತಯಾರಿ ಇತ್ತು. "ಅಲ್ಲಿ ಓಕೆ ಅಂತ ಹಾಕಿ ಅಬ್ಬಾ, ಸಾಕು. ಎರಡೇ ಅಕ್ಷರ," ಎಂದಿದ್ದಳು. ಅಬ್ಬಾ ಪೇಪರಿನ ಅಂಚಿನ ತುಂಬ ಒಂದು ಸೊನ್ನೆ, ಅದರ ಪಕ್ಕ ಮುರಿದ ಏಣಿಯಂಥ ಒಂದು ಅಕ್ಷರ ಬರೆದು ಬರೆದು ಕಲಿತಿದ್ದರು. ದಾದಿಗೆ ತೋರಿಸಿದ್ದರು. ಅರವತ್ತು ಮಕ್ಕಳಿಗೆ ದಿನವೂ ಪಾಠ ಹೇಳುವ ಟೀಚರು ಮನೆಯಲ್ಲಿ ಕಲಿಸಿದ್ದು ಅದೊಂದೇ ಪದ.

ಮರುದಿನ ಊಟದ ಬಿಡುವಿನಲ್ಲಿ ಅವಳು ಪರಮೇಶನ ರೂಮಿಗೆ ಹೋದಳು. ಅವನ ಅಂಗಿಯಲ್ಲಿ ಮೇಲಿನಿಂದ ಎರಡನೆಯ ಗುಂಡಿ ಬೇರೆ ಬಣ್ಣದ್ದಿತ್ತು. ಲಾಗ್ ಬುಕ್ ಕೇಳಿದರೆ ಅವನು ಸಂತೋಷವಾಗಿಯೇ ಮುಂದೆ ತಳ್ಳಿದ.

"ನೋಡಿ ಮಿಸ್, ಚೆನ್ನಾಗಿ ನೋಡಿ. ನಿಮ್ಮಪ್ಪಂದೇ ಕೈಬರಹ. ದಿನಾ ಓಕೆ ಅಂತ ಬರ್ದು, ಟೂರಿನ ದಿನ ಬಂದು ಬ್ರೇಕ್ ಇಲ್ಲ ಅಂದ್ರೆ ಯಾರು ನಂಬ್ತಾರೆ?"

ಅವಳು ನಿಂತಲ್ಲೇ ಎಣಿಸಿದಳು. ನೂರ ಏಳು ಓಕೆ. ಮೊದಮೊದಲಿನವು ಸೊಟ್ಟ, ಆಗಸ್ಟಿನ ಹೊತ್ತಿಗೆ ಸರಾಗ.

"ಹೋದ ವರ್ಷದ್ದು?"

"ಅದು ಕನ್ನಡದ್ದು. ರದ್ದಿಗೆ ಹೋಯ್ತು."

"ಅದರಲ್ಲಿ ಬ್ರೇಕ್ ಸಡಿಲ ಅಂತ ಬರ್ದಿದ್ರು."

"ಇರಬಹುದು ಮಿಸ್. ಈಗ ಇರೋದು ಇದು."

ಅದೇ ವಾರ ಎರಡನೆಯ ಪತ್ರ ಬಂತು. ತಾವೇ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಎಂದು ಒಪ್ಪಿರುವುದರಿಂದಲೂ ತಮ್ಮದೇ ಲಾಗ್ ಬುಕ್ಕಿನಲ್ಲಿ ಬಸ್ಸು ಸರಿಯಿದೆಯೆಂದು ಪ್ರತಿದಿನ ದಾಖಲಿಸಿರುವುದರಿಂದಲೂ ಕೂಡಲೇ ಬಸ್ಸು ಓಡಿಸತಕ್ಕದ್ದು. ತಪ್ಪಿದರೆ ಕೆಲಸ ಬಿಟ್ಟಂತೆ. ಈ ಸಲ ಇರಂ ಪದಕ್ಕೆ ಪದ ಇಟ್ಟು ಓದಿ ಹೇಳಿದಳು, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಅಬ್ಬಾ ಕೇಳಿಸಿಕೊಂಡು, ಎದ್ದು, ಬಚ್ಚಲಿಗೆ ನೀರು ತುಂಬಿಸಲು ಹೋದರು. ಆ ವಾರ ಹೋಗಲಿಲ್ಲ, ಮುಂದಿನ ವಾರವೂ ಹೋಗಲಿಲ್ಲ.

ಮನೆಯಲ್ಲಿ ಊಟ ಎರಡು ಪಾಳಿಯಾಯಿತು. ಇರಂ ಕೂರುವ ಹೊತ್ತಿಗೆ ಅಬ್ಬಾದು ಮುಗಿದಿರುತ್ತಿತ್ತು. ದಿನ ಬಿಟ್ಟು ದಿನ ನೀರು ಬಂದಾಗ ಅವಳು ತುಂಬಿಸಿಟ್ಟ ಬಿಂದಿಗೆಯನ್ನು ಅವರು ಎತ್ತಿ ಒಳಗಿಡುತ್ತಿದ್ದರು, ಮಾತಿಲ್ಲ. ಬೇಕೇ ಬೇಕಾದರೆ, "ಗೇಟು ಹಾಕ್ಕೊಳ್ಳಿ", "ಲೈಟ್ ಆರಿಸಿ" ಎಂದು ಗೋಡೆಗೆ ಹೇಳಿದಂತೆ ಕನ್ನಡದಲ್ಲಿ ಹೇಳುತ್ತಿದ್ದರು. ಮಗಳಿಗೆ ಬಹುವಚನ! ಅಮ್ಮಿ ಎರಡು ಪಾಳಿಗೂ ರೊಟ್ಟಿ ಬಿಸಿ ಮಾಡಿ ಮಾಡಿ ಬೇಸತ್ತು, ಒಂದು ದಿನ ತವವನ್ನು ನೆಲಕ್ಕೆ ಕುಕ್ಕಿ, "ನಾಳೆಯಿಂದ ಇಬ್ಬರಿಗೂ ತಣ್ಣಂದೇ" ಎಂದಳು.

"ಮಾತಾಡದೇ ಇರೋ ಜಗಳಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ?" ದಾದಿ ಇರಂಳನ್ನು ಕೇಳಿದಳು.

"ಗೊತ್ತಿಲ್ಲ ದಾದಿ."

"ಮತ್ತೆ ಅಷ್ಟುದ್ದ ಪಟ್ಟಿ ಮಾಡಿದ್ದೆ?"

ಸ್ಟಾಫ್ ರೂಮಿನಲ್ಲಿ ಸುದ್ದಿ ಸಿಕ್ಕಿತು: ಯುವರಾಜ್ ಎಂಬ ಹೊಸ ಡ್ರೈವರ್ ಬಂದಿದ್ದಾನೆ, ಸೋಮವಾರದಿಂದ ಅದೇ ಬಸ್ಸು ಜನ್ನಾಪುರಕ್ಕೆ ಬರುತ್ತದೆ. ಬಸ್ಸಿಗೆ ಏನು ಮಾಡಿದ್ದಾರೆ ಎಂದು ಅವಳು ಕೇಳಿದಳು. ತೊಳೆದಿದ್ದಾರೆ ಎಂದಳು ಸುಮನಾ.

ಆ ಶುಕ್ರವಾರ ಇರಂ ಹೊಸ ಕಾಗದ ಬರೆದಳು. ಇದಕ್ಕೆ ಪಟ್ಟಿ ಬೇಕಾಗಲಿಲ್ಲ. ಮೊದಲಿನ ಕಾಗದದ ಪದ ತಾನು ಹಾಕಿದ್ದು, ಅದರ ಅರ್ಥ ತನ್ನ ತಂದೆಗೆ ತಿಳಿಸಿರಲಿಲ್ಲ. ಅವರದು ಜಗಳವಲ್ಲ, ತಕರಾರು, ಆಬ್ಜೆಕ್ಷನ್. ಕಾರಣ ಬ್ರೇಕ್. ನೂರ ಏಳು ದಿನ ಅವರು ಬರೆದ ಓಕೆ ತಾನು ಕಲಿಸಿದ್ದು. ಆ ಕಾಲಂನಲ್ಲಿ ಬೇರೇನು ಬರೆಯಬಹುದೆಂದು ತಾನು ಹೇಳಿಕೊಟ್ಟಿರಲಿಲ್ಲ.

ಪ್ರಿನ್ಸಿಪಾಲ್ ಮೇಡಂ ಎರಡು ಸಲ ಓದಿದರು.

"ಇದನ್ನ ನಾನು ನೋಡಿಲ್ಲ ಅಂದ್ಕೊಳ್ತೀನಿ ಇರಂ. ಫ್ಯಾಮಿಲಿ ಮ್ಯಾಟರ್ ಸ್ಕೂಲಿಗೆ ತರಬೇಡಿ."

"ಫ್ಯಾಮಿಲಿ ಮ್ಯಾಟರ್ ಅಲ್ಲ ಮೇಡಂ. ಮೂವತ್ತೆರಡು ಮಕ್ಕಳು ಕೂರ್ತಾರೆ ಅದರಲ್ಲಿ."

"ಮಾರ್ಚ್ ತನಕ ಟೈಮ್ ಇದೆ ನಿಮಗೆ. ಯೋಚನೆ ಮಾಡಿ," ಎಂದು ಕಾಗದವನ್ನು ಅವಳ ಕಡೆಗೇ ತಳ್ಳಿದರು.

ಅವಳು ಅರ್ಧ ದಿನ ರಜೆ ಹಾಕಿ ಶಿವ‌ಮೊಗ್ಗದ ಆರ್‌ಟಿಒ ಕಚೇರಿಗೆ ಹೋಗಿ ಆ ಕಾಗದದ ಒಂದು ಪ್ರತಿ ಕೊಟ್ಟಳು. ಗುಮಾಸ್ತರು ಓದಿ ಸೀಲು ಹೊಡೆದು, ಬುಧವಾರ ಇನ್‌ಸ್ಪೆಕ್ಟರ್ ಬಂದು ಗಾಡಿ ನೋಡುತ್ತಾರೆ ಎಂದರು. ಬುಧವಾರ! ಬಸ್ಸು ಸೋಮವಾರ ಬರುವುದಿತ್ತು. ಸೋಮವಾರ, ಮಂಗಳವಾರ. ಅವಳು ಬೆರಳು ಮಡಿಸಿ ಎಣಿಸುತ್ತ ಮನೆಗೆ ಬಂದಳು. ಅಬ್ಬಾಗೆ ಹೇಳಲು ಹೋದರೆ ಅವರು ಅಸರ್ ನಮಾಜಿಗೆಂದು ಟೋಪಿ ಹಾಕಿಕೊಂಡು, ಗೋಡೆಗೆ "ಗೇಟು ಹಾಕ್ಕೊಳ್ಳಿ" ಎಂದು ಹೇಳಿ, ಹೊರಟುಬಿಟ್ಟರು.

ಸೋಮವಾರ ಏಳೂ ಹದಿನೈದಕ್ಕೆ ಜನ್ನಾಪುರದ ಸ್ಟಾಪಿನಲ್ಲಿ ಹದಿನಾಲ್ಕು ಮಕ್ಕಳು, ಅವರನ್ನು ಬಿಡಲು ಬಂದ ಹಿರಿಯರು ಸೇರಿದ್ದರು. ಬಸ್ಸು ತಿರುವಿನಲ್ಲಿ ಕಾಣಿಸಿತು, ನಿಜಕ್ಕೂ ತೊಳೆದಿದ್ದರು. ಸ್ಟಾಪು ದಾಟಿ ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. ಮಕ್ಕಳು ಓಡಿದರು. ಇರಂ ಅವರಿಗಿಂತ ಮುಂಚೆ ಓಡಿ ಬಾಗಿಲಿಗೆ ಅಡ್ಡ ನಿಂತಳು.

"ಯಾರೂ ಹತ್ತಬೇಡಿ."

ಯುವರಾಜ್ ಸ್ಟೀರಿಂಗಿನ ಹಿಂದಿನಿಂದ ಇಣುಕಿದ. ಇಪ್ಪತ್ತೈದು ದಾಟಿರಲಾರದು.

"ಎಷ್ಟು ಸಲ ತುಳಿದ್ರಿ ಈಗ?" ಅವಳು ಕೇಳಿದಳು.

"ಏನು ಮಿಸ್?"

"ಬ್ರೇಕ್. ಎಷ್ಟು ಸಲ?"

"ಎರಡು... ಮೂರು. ಹಳೇ ಗಾಡಿ ಮಿಸ್, ಹಂಗೇ ಇರುತ್ತೆ. ಪರಮೇಶಣ್ಣ ಹೇಳಿದಾರೆ."

"ಮಿಸ್, ಹತ್ತಿಸ್ರಿ ಮಕ್ಕಳನ್ನ," ಹಿಂದಿನಿಂದ ಕಾಶಮ್ಮ ಕೂಗಿದಳು. "ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ." ಒಬ್ಬರು ಡ್ಯೂಟಿಗೆ ಹೊತ್ತಾಯಿತೆಂದರು. ಇನ್ನೊಬ್ಬರು, ಅಪ್ಪನ ಕೆಲಸ ಹೋದ ಹೊಟ್ಟೆಕಿಚ್ಚು ಇದು ಎಂದರು, ಅವಳಿಗೆ ಕೇಳುವ ಹಾಗೆಯೇ. ಯುವರಾಜ್ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಏನ್ ಮಿಸ್ ಇದು, ಬೆಳ್‌ಬೆಳಿಗ್ಗೆ ಆರ್ಗ್ಯುಮೆಂಟು?" ಎಂದಿತು ಪರಮೇಶನ ದನಿ. "ದಾರಿ ಬಿಡಿ. ಕೆಲಸ ಬೇಕೋ ಬೇಡ್ವೋ ನಿಮಗೆ?"

"ಬ್ರೇಕ್ ಇಲ್ಲದ ಗಾಡೀಲಿ ನಿನ್ನ ಮಕ್ಕಳನ್ನ ಕೂರಿಸ್ತೀಯೇನಯ್ಯ?" ಇರಂ ಕಿರುಚಿದಳು. ಆ 'ಏನಯ್ಯ' ಎಲ್ಲಿಂದ ಬಂತೋ ಅವಳಿಗೆ ತಿಳಿಯಲಿಲ್ಲ. "ಕನ್ನಡದಲ್ಲಿ ಬರೆದ್ರೆ ರದ್ದಿಗೆ ಹಾಕ್ತೀಯ, ಬಾಯಲ್ಲಿ ಹೇಳಿದ್ರೆ ಮಲ್ಕೊ ಅಂತೀಯ, ಕೊನೆಗೆ ಬಸ್ಸು ತೊಳೆದು ಕಳಿಸ್ತೀಯ! ಬಾ ಇಲ್ಲಿಗೆ. ಬಂದು ನೀನು ಓಡಿಸು. ನಾನು ಗಾಡಿ ಮುಂದೆ ನಿಂತಿರ್ತೀನಿ, ಎಷ್ಟನೇ ಸಲಕ್ಕೆ ಹಿಡಿಯುತ್ತೆ ನೋಡೋಣ!"

ಮಕ್ಕಳು ತಮ್ಮ ವಿಜ್ಞಾನದ ಮಿಸ್ಸನ್ನು ನೋಡುತ್ತಿದ್ದವು. ಕಾಶಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಏನ್ ಮಿಸ್ ಇದು, ಜಗಳಾನಾ?"

"ಹೌದು ಕಾಶಮ್ಮ. ಜಗಳಾನೇ."

"ನಿಜವಾಗ್ಲೂ ಬ್ರೇಕ್ ಇಲ್ವಾ?"

"ಡ್ರೈವರನ್ನ ಕೇಳಿ."

ಕಾಶಮ್ಮ ಯುವರಾಜನನ್ನು ಕೇಳಲಿಲ್ಲ, ನೋಡಿದಳು ಅಷ್ಟೆ. ಅವನು ತಲೆ ತಗ್ಗಿಸಿ ಎಂಜಿನ್ ಆರಿಸಿದ. ಕಾಶಮ್ಮ ಸಿರಿಯ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡಳು. "ಅವತ್ತೇ ಹೇಳಬಾರದಿತ್ತಾ ನಿಮ್ಮಪ್ಪ?" ಎಂದಳು, ಈಗ ಅದಕ್ಕೂ ಸಿಟ್ಟಾಗಿ. ಡ್ಯೂಟಿಗೆ ಹೊತ್ತಾಯಿತೆಂದವರೂ ಮಗನ ಚೀಲ ತಾವೇ ಹೊತ್ತುಕೊಂಡು ಆಟೋ ಕರೆದರು.

"ಲಾಗ್ ಬುಕ್ ಕೊಡಿ," ಎಂದಳು ಇರಂ. ಯುವರಾಜ್ ಕೊಟ್ಟುಬಿಟ್ಟ. ಫೋನಿನಲ್ಲಿ ಪರಮೇಶ ಇನ್ನೂ ಕೂಗಾಡುತ್ತಲೇ ಇದ್ದ. ಅವಳು ಪುಸ್ತಕವನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು, ಬಗ್ಗಿ, ನೂರ ಏಳನೆಯ ಓಕೆಯ ಕೆಳಗಿನ ಖಾಲಿ ಸಾಲಿನಲ್ಲಿ ಕೊನೆಯ ಕಾಲಂನಿಂದ ಹೊರಗೆ ಹರಿಯುವಷ್ಟು ಬರೆದಳು. ಕನ್ನಡದಲ್ಲಿ. 'ಬ್ರೇಕ್ ಹಿಡಿಯುವುದಿಲ್ಲ. ಮೇಲಿನ ನೂರ ಏಳು ಓಕೆಗಳು ಸರಿಯಲ್ಲ. ಹಾಗೆ ಬರೆಯಲು ಕಲಿಸಿದವಳು ನಾನು. ಈ ಗಾಡಿ ಹೋಗಕೂಡದೆಂದು ನನ್ನ ತಕರಾರು ಇದೆ.' ಕೆಳಗೆ ಸಹಿ.

ಬೆನ್ನು ನೆಟ್ಟಗೆ ಮಾಡಿದಾಗ ಪಕ್ಕದಲ್ಲಿ ಅಬ್ಬಾ ನಿಂತಿದ್ದರು. ಹಾಲು ತರಲು ಬಂದವರು, ಲುಂಗಿಯಲ್ಲಿ; ಕೈಯಲ್ಲಿ ಎರಡು ಪ್ಯಾಕೆಟ್. ಎಷ್ಟು ಹೊತ್ತಿನಿಂದ ಇದ್ದರೋ. ಅವರು ಪುಸ್ತಕ ತೆಗೆದುಕೊಂಡು, ಕನ್ನಡಕವಿಲ್ಲದ ಕಾರಣ ದೂರ ಹಿಡಿದು, ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಓದಿದರು. ಈ ಸಲ ಬೆರಳಿಟ್ಟು ತೋರಿಸುವವರು ಯಾರೂ ಬೇಕಾಗಿರಲಿಲ್ಲ. ಮುಖದ ಬಿಗಿ ಸಡಿಲಾಗಲಿಲ್ಲ. ಪುಸ್ತಕವನ್ನು ಅವಳ ಕೈಗೆ ವಾಪಸು ಕೊಟ್ಟು, ಮೊದಲನೆಯ ಕಾಲಂನ ಮೇಲೆ ಬೆರಳಿನಿಂದ ತಟ್ಟಿದರು.

"ತಾರೀಖ್ ನೈ ಡಾಲೀ ತೂ," ಎಂದರು.

ಮೂರು ವಾರಗಳ ಮೇಲೆ ಅಬ್ಬಾ ಅವಳೊಂದಿಗೆ ಆಡಿದ ಮೊದಲ ದಖ್ಖನಿ ಮಾತು. ಇರಂ ಮತ್ತೆ ಬಗ್ಗಿ ತಾರೀಖು ಹಾಕಿದಳು.